ಸ್ಟ್ರೆಪ್ಟೋಕಾಕಸ್: ಆಲ್ಫಾ, ಬೀಟಾ, ಎ, ಬಿ, ಸಿ, ಡಿ... ಯಾವುದು ಯಾವುದರೊಳಗೆ?

ಸಂಪಿಗೆ_ಎಂಎಲ್‌ಟಿ

ಎಲ್ಲರಿಗೂ ನಮಸ್ಕಾರ. ನಾನು ಲ್ಯಾಬ್ ಟೆಕ್ನಾಲಜಿ ಓದುತ್ತಿದ್ದೇನೆ. ಸ್ಟ್ರೆಪ್ಟೋಕಾಕಸ್ ಪಾಠ ತೆಗೆದರೆ ತಲೆ ಗಿರ್ ಅನ್ನುತ್ತದೆ. ಒಂದು ಪುಟದಲ್ಲಿ ಆಲ್ಫಾ, ಬೀಟಾ, ಗ್ಯಾಮಾ. ಮುಂದಿನ ಪುಟದಲ್ಲಿ ಎ, ಬಿ, ಸಿ, ಡಿ. ಅದಾದ ಮೇಲೆ ಪಯೋಜೀನ್ಸ್, ಅಗಲ್ಯಾಕ್ಟಿಯೇ, ನ್ಯುಮೋನಿಯೇ. ಸಾಲದ್ದಕ್ಕೆ ಎಂ ಟೈಪ್ ಬೇರೆ. ಆಲ್ಫಾ ಅಂದರೆ ಎ ಗುಂಪು, ಬೀಟಾ ಅಂದರೆ ಬಿ ಗುಂಪು ಅಂತ ನಮ್ಮ ಕ್ಲಾಸಿನಲ್ಲಿ ಅರ್ಧ ಜನ ನಂಬಿಕೊಂಡಿದ್ದಾರೆ. ಯಾರಾದರೂ ಬಿಡಿಸಿ ಹೇಳುತ್ತೀರಾ? ಪರೀಕ್ಷೆಗೆ ಮಾತ್ರ ಅಲ್ಲ, ನಾಳೆ ಬೆಂಚಿನ ಮುಂದೆ ಕೂತಾಗಲೂ ಗೊತ್ತಾಗಬೇಕು.

ಪ್ಲೇಟ್ ಮೇಷ್ಟ್ರು

ಮೊದಲು ಆ ನಂಬಿಕೆ ಬಿಡಿಸೋಣ. ಆಲ್ಫಾಗೂ ಎ ಗುಂಪಿಗೂ ಸಂಬಂಧವೇ ಇಲ್ಲ. ಎ ಗುಂಪು, ಅಂದರೆ ಪಯೋಜೀನ್ಸ್, ಬೀಟಾ. ಬಿ ಗುಂಪೂ, ಅಂದರೆ ಅಗಲ್ಯಾಕ್ಟಿಯೇ, ಸಾಮಾನ್ಯವಾಗಿ ಬೀಟಾ. ಇವು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಜನ, ಬೇರೆ ಬೇರೆ ಕೆಲಸಕ್ಕೆ ಮಾಡಿಕೊಂಡ ವಿಂಗಡಣೆಗಳು. ಹೊಸದು ಬಂದಾಗ ಹಳೆಯದನ್ನು ಯಾರೂ ಎಸೆಯಲಿಲ್ಲ, ಪಕ್ಕದಲ್ಲೇ ಇಟ್ಟುಕೊಂಡರು. ಅದಕ್ಕೇ ಈ ಕಲಸುಮೇಲೋಗರ.

ಸರಪಳಿಯಂತೆ ಕೂತ ಈ ದುಂಡು ಕಣಗಳನ್ನು 1874ರಲ್ಲಿ ವಿಯೆನ್ನಾದ ಶಸ್ತ್ರವೈದ್ಯ ಬಿಲ್‌ರೋತ್ ಗಾಯದ ಕೀವಿನಲ್ಲಿ ನೋಡಿ ವರ್ಣಿಸಿದ. 1879ರಲ್ಲಿ ಪ್ಯಾರಿಸ್ಸಿನ ವೈದ್ಯರ ಸಭೆಯಲ್ಲಿ ಬಾಣಂತಿ ಜ್ವರದ ಚರ್ಚೆ ನಡೆದಿದ್ದಾಗ ಪಾಶ್ಚರ್ ಎದ್ದು ಹೋಗಿ ಬೋರ್ಡಿನ ಮೇಲೆ ಇದೇ ಸರಪಳಿಯನ್ನು ಬರೆದು ತೋರಿಸಿದ. ಆದರೆ ಸೂಕ್ಷ್ಮದರ್ಶಕದಲ್ಲಿ ಗಂಟಲಲ್ಲಿ ಸುಮ್ಮನೆ ವಾಸ ಮಾಡುವ ಸ್ಟ್ರೆಪ್ಪೂ ಒಂದೇ ಥರ, ಪ್ರಾಣ ತೆಗೆಯುವುದೂ ಒಂದೇ ಥರ ಕಾಣುತ್ತದೆ. ಬೇರ್ಪಡಿಸಲು ಏನಾದರೂ ಬೇಕಿತ್ತು.

1903ರಲ್ಲಿ ಶಾಟ್‌ಮ್ಯುಲ್ಲರ್ ರಕ್ತ ಬೆರೆಸಿದ ಅಗಾರ್ ಬಳಸಿದ. 1919ರಲ್ಲಿ ಬ್ರೌನ್ ಅದರಲ್ಲಿ ಕಾಣುವ ಬದಲಾವಣೆಗೆ ಆಲ್ಫಾ, ಬೀಟಾ, ಗ್ಯಾಮಾ ಎಂಬ ಹೆಸರು ಕೊಟ್ಟ. ಕಾಲೊನಿ ಸುತ್ತ ಕೆಂಪುಕಣ ಪೂರ್ತಿ ಒಡೆದು ತಿಳಿಯಾದರೆ ಬೀಟಾ. ಹಸಿರು ಛಾಯೆ ಬಂದರೆ ಆಲ್ಫಾ: ಬ್ಯಾಕ್ಟೀರಿಯಾ ಬಿಡುವ ಹೈಡ್ರೋಜನ್ ಪೆರಾಕ್ಸೈಡ್ ಹಿಮೋಗ್ಲೋಬಿನ್ನಿನ ಬಣ್ಣ ಕೆಡಿಸಿರುತ್ತದೆ. ಏನೂ ಆಗದಿದ್ದರೆ ಗ್ಯಾಮಾ. ಇದು ಕಣ್ಣಿನ ವಿಂಗಡಣೆ, ಅಷ್ಟೇ.

ಎ, ಬಿ, ಸಿ ಬಂದದ್ದು 1933ರಲ್ಲಿ. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿದ್ದ ರೆಬೆಕಾ ಲ್ಯಾನ್ಸ್‌ಫೀಲ್ಡ್ ರಕ್ತ ಒಡೆಯುವ 106 ತಳಿಗಳನ್ನು ತೆಗೆದುಕೊಂಡರು. ಮನುಷ್ಯರಿಂದ, ಪ್ರಾಣಿಗಳಿಂದ, ಹಾಲಿನಿಂದ, ಚೀಸ್‌ನಿಂದ. ಬಿಸಿ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕೋಶಗೋಡೆಯ ಕಾರ್ಬೋಹೈಡ್ರೇಟನ್ನು ಹೊರತೆಗೆದು, ಮೊಲದಲ್ಲಿ ತಯಾರಿಸಿದ ಸೀರಮ್ ಜೊತೆ ಸೇರಿಸಿ, ಗಸಿ ಕಟ್ಟುತ್ತದೆಯೇ ನೋಡಿದರು. ಐದು ಗುಂಪು ಬಂದವು. ಎ ಮನುಷ್ಯರ ಕಾಯಿಲೆಯಿಂದ, ಬಿ ಹೆಚ್ಚಾಗಿ ದನಗಳಿಂದ, ಸಿ ಬೇರೆ ಪ್ರಾಣಿಗಳಿಂದ, ಡಿ ಚೀಸ್‌ನಿಂದ, ಇ ಹಾಲಿನಿಂದ. ಆಮೇಲೆ ಅಕ್ಷರಗಳು ಐ, ಜೆ ಬಿಟ್ಟು ವಿ ತನಕ ಬೆಳೆದವು.

ಎ ಗುಂಪಿನ ಒಳಗೆ ಮತ್ತೆ ಬೇರ್ಪಡಿಸುವುದು ಎಂ ಪ್ರೋಟೀನ್. ಅದೂ ಲ್ಯಾನ್ಸ್‌ಫೀಲ್ಡ್ ಅವರದ್ದೇ ಕೆಲಸ. ಈಗ ಸೀರಮ್ ಬದಲು ಆ ಪ್ರೋಟೀನಿನ ಜೀನ್ ಓದಿ ಟೈಪ್ ಹೇಳುತ್ತಾರೆ. 200ಕ್ಕೂ ಹೆಚ್ಚು ಇವೆ. ಒಂದು ಟೈಪಿಗೆ ಬಂದ ರೋಗನಿರೋಧಕ ಶಕ್ತಿ ಇನ್ನೊಂದಕ್ಕೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಒಂದೇ ಮಗುವಿಗೆ ಮತ್ತೆ ಮತ್ತೆ ಸ್ಟ್ರೆಪ್ ಗಂಟಲುನೋವು ಬರುವುದು ಹೀಗೆ.

ಸಂಪಿಗೆ_ಎಂಎಲ್‌ಟಿ

ಮೇಷ್ಟ್ರೇ, ಥ್ಯಾಂಕ್ಸ್. ಹಾಗಾದರೆ ನ್ಯುಮೋಕಾಕಸ್, ಅಂದರೆ ನ್ಯುಮೋನಿಯೇ, ಯಾವ ಅಕ್ಷರ?

ಪ್ಲೇಟ್ ಮೇಷ್ಟ್ರು

ಯಾವುದೂ ಅಲ್ಲ. ಲ್ಯಾನ್ಸ್‌ಫೀಲ್ಡ್ ಅಕ್ಷರ ಅದಕ್ಕೆ ಹೊಂದುವುದಿಲ್ಲ. ಬಾಯಲ್ಲಿ ವಾಸ ಮಾಡುವ ವಿರಿಡಾನ್ಸ್ ಗುಂಪಿನ ಬಹಳಷ್ಟಕ್ಕೂ ಅಷ್ಟೇ. 1974ರ ತನಕ ನ್ಯುಮೋಕಾಕಸ್ ಈ ಕುಲದಲ್ಲೇ ಇರಲಿಲ್ಲ, ಡಿಪ್ಲೋಕಾಕಸ್ ಆಗಿತ್ತು. ಅದನ್ನು ಹೊರಕೋಶದಿಂದ (ಕ್ಯಾಪ್ಸೂಲ್) ವಿಂಗಡಿಸುತ್ತಾರೆ, 100ಕ್ಕೂ ಹೆಚ್ಚು ಸೀರೋಟೈಪ್ ಇವೆ. ಲಸಿಕೆ ಮಾಡುವವರಿಗೆ ಬೇಕಾದ್ದು ಅದೇ. ನಮ್ಮ ಮಕ್ಕಳಿಗೆ ಸರ್ಕಾರಿ ಲಸಿಕೆ ಕಾರ್ಯಕ್ರಮದಲ್ಲಿ ಒಂದೂವರೆ ತಿಂಗಳು, ಮೂರೂವರೆ ತಿಂಗಳು, 9 ತಿಂಗಳಿಗೆ ಕೊಡುವ ಪಿಸಿವಿ ಇದರದ್ದೇ.

ಇನ್ನೊಂದು ವಿಷಯ, ಪ್ರಶ್ನೆಗೆ ಸಂಬಂಧವಿಲ್ಲ, ಆದರೂ ಹೇಳುತ್ತೇನೆ. ಜ್ವರ ಅಂದ ಕೂಡಲೇ ಎಲ್ಲರೂ ಬರೆಯುವ ಸಿಆರ್‌ಪಿ ಟೆಸ್ಟ್ ಇದೆಯಲ್ಲ, ಅದು ಹುಟ್ಟಿದ್ದೂ ಅದೇ ರಾಕ್‌ಫೆಲರ್ ಸಂಸ್ಥೆಯಲ್ಲಿ. 1930ರಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್, ನ್ಯುಮೋನಿಯಾ ರೋಗಿಗಳ ಸೀರಮ್ಮಿನಲ್ಲಿ ನ್ಯುಮೋಕಾಕಸ್‌ನ ಸಿ ಪಾಲಿಸ್ಯಾಕರೈಡ್ (ಇದು ಲ್ಯಾನ್ಸ್‌ಫೀಲ್ಡ್ ಸಿ ಅಲ್ಲ) ಜೊತೆ ಗಸಿ ಕಟ್ಟುವ ಏನೋ ಒಂದು ಇದೆ ಅಂತ ಕಂಡರು. ಅದೇ ಸಿಆರ್‌ಪಿ.

ಹುಬ್ಬಳ್ಳಿ ಲ್ಯಾಬ್

ಮೇಷ್ಟ್ರು ಇತಿಹಾಸ ಹೇಳಿದರು, ನಾನು ಪ್ಲೇಟಿನ ಮಾತು ಹೇಳ್ತೀನಿ ರೀ. ಬೀಟಾ ಅಂತ ಬರೆಯೋ ಮೊದಲು ನಿಮ್ಮ ಪ್ಲೇಟಿನಲ್ಲಿ ಯಾವ ರಕ್ತ ಇದೆ ಅಂತ ಕೇಳಿಕೊಳ್ಳಿ. ಬೇಕಾದ್ದು 5 ಶೇಕಡಾ ಕುರಿ ರಕ್ತ. ಸಣ್ಣ ಊರುಗಳಲ್ಲಿ ಬ್ಲಡ್ ಬ್ಯಾಂಕಿನ ಅವಧಿ ಮುಗಿದ ಮನುಷ್ಯರ ರಕ್ತ ಹಾಕುವ ರೂಢಿ ಇದೆ. ಅದರಲ್ಲಿ ಸಿಟ್ರೇಟ್ ಇರುತ್ತದೆ, ಸಕ್ಕರೆ ಇರುತ್ತದೆ, ದಾನಿಯ ಆಂಟಿಬಾಡಿ ಇರುತ್ತವೆ, ಒಮ್ಮೊಮ್ಮೆ ಆಂಟಿಬಯೋಟಿಕ್ಕೂ ಇರಬಹುದು. ಹಿಮೋಲಿಸಿಸ್ ಮಸುಕಾಗಿ ಬರುತ್ತದೆ. ಬಿ ಗುಂಪು ಗುರುತಿಸುವ ಕ್ಯಾಂಪ್ ಟೆಸ್ಟ್ ಕೈಕೊಡುತ್ತದೆ. ಮೇಲಾಗಿ ಕೆಲಸ ಮಾಡೋರಿಗೂ ಅಪಾಯ.

ಕುರಿ ರಕ್ತ ನಾವೇ ತೆಗೆಸುತ್ತಿದ್ದ ಕಾಲದಲ್ಲಿ ಗಾಜಿನ ಮಣಿ ಹಾಕಿದ ಫ್ಲಾಸ್ಕಿನಲ್ಲಿ ಹಿಡಿದು, ನಿಲ್ಲಿಸದೆ ತಿರುಗಿಸುತ್ತಿದ್ದೆವು. ಫೈಬ್ರಿನ್ ಎಲ್ಲ ಮಣಿಗೆ ಸುತ್ತಿಕೊಂಡು, ಹೆಪ್ಪುಗಟ್ಟದ ರಕ್ತ ಉಳಿಯುತ್ತದೆ. ಈಗ ರೆಡಿ ಪ್ಲೇಟ್ ಬರುತ್ತವೆ.

ಸ್ವಾಬ್ ಎಳೆದ ಮೇಲೆ ಲೂಪಿನಿಂದ ಅಗಾರ್ ಒಳಗೆ ಎರಡು ಮೂರು ಕಡೆ ಚುಚ್ಚಿ. ಎ ಗುಂಪು ರಕ್ತ ಒಡೆಯಲು ಎರಡು ವಿಷ ಬಿಡುತ್ತದೆ. ಸ್ಟ್ರೆಪ್ಟೋಲೈಸಿನ್ ಎಸ್ ಗಾಳಿಯಲ್ಲೂ ಕೆಲಸ ಮಾಡುತ್ತದೆ. ಸ್ಟ್ರೆಪ್ಟೋಲೈಸಿನ್ ಓ ಆಮ್ಲಜನಕ ತಾಗಿದರೆ ಸುಮ್ಮನಾಗುತ್ತದೆ. ಚುಚ್ಚಿದ ಜಾಗದಲ್ಲಿ, ಒಳಗೆ, ಅದು ಕಾಣಿಸಿಕೊಳ್ಳುತ್ತದೆ. ಬೆಳಿಗ್ಗೆ ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಿ. ಟೇಬಲ್ ಮೇಲೆ ಇಟ್ಟೇ ನೋಡಿ ಆಲ್ಫಾ, ಬೀಟಾ ಅನ್ನಬೇಡಿ.

ಆಲ್ಫಾದಲ್ಲಿ ನ್ಯುಮೋಕಾಕಸ್ ಗುರುತು ಹಿಡಿಯುವುದು ಖುಷಿಯ ಕೆಲಸ. ಕಾಲೊನಿ ಮಧ್ಯೆ ತಗ್ಗಿ, ಅಂಚು ಎದ್ದು, ಕೇರಂ ಕಾಯಿನ್ ಥರ ಇರುತ್ತದೆ. ಹೊತ್ತಾದಂತೆ ತನ್ನನ್ನು ತಾನೇ ಕರಗಿಸಿಕೊಳ್ಳುವುದರಿಂದ ಆ ತಗ್ಗು. ಆಪ್ಟೋಚಿನ್ ಔಷಧದ ಡಿಸ್ಕ್ ಸುತ್ತ ಏನೂ ಬೆಳೆಯದ ಜಾಗ 14 ಮಿಲಿಮೀಟರ್ ಅಥವಾ ಜಾಸ್ತಿ ಬಂದರೆ ನ್ಯುಮೋಕಾಕಸ್. ಕಡಿಮೆ ಬಂದರೆ ಬೈಲ್ ಸಾಲ್ಯುಬಿಲಿಟಿ (ಪಿತ್ತ ಲವಣದಲ್ಲಿ ಕರಗುತ್ತದೆಯೇ ಅಂತ) ಮಾಡಿ ನೋಡಿ. ಡಿಸ್ಕ್ ಇಟ್ಟ ಪ್ಲೇಟ್ ಕಾರ್ಬನ್ ಡೈಆಕ್ಸೈಡಿನಲ್ಲೇ ಇರಬೇಕು, ಇನ್‌ಕ್ಯುಬೇಟರ್ ಇಲ್ಲದಿದ್ದರೆ ಕ್ಯಾಂಡಲ್ ಜಾರ್ ಸಾಕು. ಹೊರಗಿನ ಗಾಳಿಯಲ್ಲಿಟ್ಟರೆ ಸ್ಯೂಡೋನ್ಯುಮೋನಿಯೇ ಅಂತ ಒಂದಿದೆ, ಅದೂ ಸೆನ್ಸಿಟಿವ್ ಬಂದು ನಿಮಗೆ ಟೋಪಿ ಹಾಕುತ್ತದೆ.

ಅಮ್ಮ_ಚಿಂತಾಮಣಿ

ನಾನು ಡಾಕ್ಟರ್ ಅಲ್ಲ, ಮಧ್ಯೆ ಬಂದದ್ದಕ್ಕೆ ಬೇಜಾರು ಮಾಡ್ಕೋಬೇಡಿ. ನನ್ನ ಮಗಳಿಗೆ ಹತ್ತು ವರ್ಷ. ಸಂಜೆ ಆದರೆ ಕಾಲು ನೋವು ಅಂತಾಳೆ, ಬೆಳಿಗ್ಗೆ ಏನೂ ಇರಲ್ಲ, ಆಟ ಆಡ್ತಾಳೆ. ರಕ್ತ ಪರೀಕ್ಷೆಯಲ್ಲಿ ಎಎಸ್‌ಓ 400 ಬಂದಿದೆ. ಹಾರ್ಟಿಗೆ ತೊಂದರೆ ಆಗುತ್ತೆ, ಇಪ್ಪತ್ತೊಂದು ವರ್ಷದ ತನಕ ಪೆನಿಸಿಲಿನ್ ಇಂಜೆಕ್ಷನ್ ಬೇಕು ಅಂತ ಯಾರೋ ಹೇಳಿದರು. ಇದೂ ನಿಮ್ಮ ಸ್ಟ್ರೆಪ್ಟೋಕಾಕಸ್ಸೇನಾ?

ರಾತ್ರಿ ಡ್ಯೂಟಿ

ಅಮ್ಮಾ, ಬೇಜಾರೇನಿಲ್ಲ. ಈ ಥರದ ರಿಪೋರ್ಟ್ ಹಿಡಿದುಕೊಂಡು ಬರುವವರು ತುಂಬಾ ಜನ.

ಎಎಸ್‌ಓ ಅಂದರೆ ಮೇಲೆ ಹೇಳಿದ ಸ್ಟ್ರೆಪ್ಟೋಲೈಸಿನ್ ಓ ವಿರುದ್ಧ ದೇಹ ಮಾಡಿಕೊಂಡ ಆಂಟಿಬಾಡಿ. ಕೆಲವು ವಾರ, ತಿಂಗಳ ಹಿಂದೆ ಯಾವಾಗಲೋ ಸ್ಟ್ರೆಪ್ ಬಂದು ಹೋಗಿದೆ ಅಂತ ಅದು ಹೇಳುತ್ತದೆ. ಅಷ್ಟೇ. ಶಾಲೆಗೆ ಹೋಗುವ ವಯಸ್ಸಿನ ಆರೋಗ್ಯವಂತ ಮಕ್ಕಳಲ್ಲೂ 200 ದಾಟಿರುವುದು ಅಪರೂಪವಲ್ಲ. ಅದೊಂದರಿಂದ ರುಮ್ಯಾಟಿಕ್ ಜ್ವರ (ಸ್ಟ್ರೆಪ್ ಗಂಟಲುನೋವಿನ ಮೇಲೆ ಕೀಲಿಗೂ ಹೃದಯಕ್ಕೂ ತಾಗುವ ಕಾಯಿಲೆ) ಅಂತ ಹೇಳಲು ಬರುವುದಿಲ್ಲ. ತಿರುಗಾ ಮುರುಗಾ ಅದೂ ನಿಜ: ನಿಜವಾದ ರುಮ್ಯಾಟಿಕ್ ಜ್ವರದಲ್ಲೂ ಸುಮಾರು ಐದರಲ್ಲಿ ಒಬ್ಬರಿಗೆ ಎಎಸ್‌ಓ ಏರಿರುವುದಿಲ್ಲ.

ರುಮ್ಯಾಟಿಕ್ ಕೀಲುನೋವು ಬೇರೆ ಥರ. ಗಂಟಲುನೋವು ಬಂದು ಎರಡು ಮೂರು ವಾರದ ಮೇಲೆ ಜ್ವರ, ಮಂಡಿಯೋ ಕಣಕಾಲೋ ಊದಿ ಬಿಸಿಯಾಗಿ, ಮುಟ್ಟಿದರೆ ಮಗು ಚೀರುತ್ತದೆ. ಅದು ಇಳಿಯುವಷ್ಟರಲ್ಲಿ ಇನ್ನೊಂದು ಕೀಲು ಹಿಡಿಯುತ್ತದೆ. ಸಂಜೆ ಕಾಲುನೋವು, ಬೆಳಿಗ್ಗೆ ಆಟ ಅಂದರೆ ಹೆಚ್ಚಾಗಿ ಬೆಳೆಯುವ ಮಕ್ಕಳ ಮಾಮೂಲಿ ನೋವು. ಆದರೂ ಇಲ್ಲಿ ಬರೆದದ್ದನ್ನು ನೋಡಿ ತೀರ್ಮಾನ ಮಾಡಬೇಡಿ. ಮಕ್ಕಳ ಡಾಕ್ಟರಿಗೆ ಒಮ್ಮೆ ತೋರಿಸಿ, ಎದೆಯ ಶಬ್ದ ಕೇಳಲಿ, ಬೇಕೆನಿಸಿದರೆ ಎಕೋ ಮಾಡಿಸಲಿ. ಅದು ಸರಿ ಇದ್ದರೆ ಎಎಸ್‌ಓ ನಂಬರಿಗಾಗಿ ವರ್ಷಗಟ್ಟಲೆ ಇಂಜೆಕ್ಷನ್ ಬೇಕಿಲ್ಲ.

ನಿಜವಾಗಿ ರುಮ್ಯಾಟಿಕ್ ಜ್ವರ ಬಂದವರಿಗೆ ಮಾತ್ರ ಅದೇ ಇಂಜೆಕ್ಷನ್ ತಪ್ಪಿಸುವಂತಿಲ್ಲ. ಬೆಂಝಥೀನ್ ಪೆನಿಸಿಲಿನ್ 12 ಲಕ್ಷ ಯೂನಿಟ್, ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ. ಹೃದಯಕ್ಕೆ ತಾಗದಿದ್ದರೆ ಐದು ವರ್ಷ ಅಥವಾ 21ರ ವಯಸ್ಸು, ಯಾವುದು ಆಮೇಲೆ ಬರುತ್ತದೋ ಅಲ್ಲಿಯ ತನಕ. ಕವಾಟ ಕೆಟ್ಟಿದ್ದರೆ ಹತ್ತು ವರ್ಷ ಅಥವಾ 40ರ ತನಕ. ಚುಚ್ಚಿದ ಜಾಗ ಎರಡು ದಿನ ನೋಯುತ್ತದೆ, ಅದಕ್ಕೇ ಅರ್ಧಕ್ಕೆ ಬಿಡುತ್ತಾರೆ. ಬಿಟ್ಟವರಲ್ಲಿ ಕೆಲವರು ಇಪ್ಪತ್ತೈದು, ಮೂವತ್ತರ ವಯಸ್ಸಿನಲ್ಲಿ, ಹೆಂಗಸರಾದರೆ ಬಸುರಾದಾಗ, ಉಸಿರು ಕಟ್ಟಿಕೊಂಡು ಬರುತ್ತಾರೆ. ಮೈಟ್ರಲ್ ಕವಾಟ ಕಿರಿದಾಗಿರುತ್ತದೆ.

ಅಮ್ಮ_ಚಿಂತಾಮಣಿ

ತುಂಬಾ ಥ್ಯಾಂಕ್ಸ್ ಡಾಕ್ಟ್ರೇ. ಈ ವಾರವೇ ತೋರಿಸ್ತೀನಿ.

ಸಂಪಿಗೆ_ಎಂಎಲ್‌ಟಿ

ಸರ್, ಗಂಟಲಿಗೆ ಬಂದ ಬ್ಯಾಕ್ಟೀರಿಯಾ ಹೃದಯಕ್ಕೆ ಹೋಗುತ್ತದಾ?

ರಾತ್ರಿ ಡ್ಯೂಟಿ

ಹೋಗುವುದಿಲ್ಲ. ಅದೇ ಇದರ ವಿಚಿತ್ರ. ಎಂ ಪ್ರೋಟೀನ್ ಮತ್ತು ಗುಂಪಿನ ಕಾರ್ಬೋಹೈಡ್ರೇಟಿನ ಕೆಲವು ಭಾಗಗಳು ನಮ್ಮ ಹೃದಯದ ಪ್ರೋಟೀನುಗಳನ್ನು ಹೋಲುತ್ತವೆ. ಅವುಗಳ ವಿರುದ್ಧ ಎದ್ದ ಪಡೆ ಹೃದಯದ ಮೇಲೂ ಬೀಳುತ್ತದೆ. ಕವಾಟದಲ್ಲಿ ಹುಡುಕಿದರೆ ಬ್ಯಾಕ್ಟೀರಿಯಾ ಸಿಗುವುದಿಲ್ಲ. ಆ ಪಡೆ ಏಳುವ ಮೊದಲೇ ಗಂಟಲಿನ ಸ್ಟ್ರೆಪ್ ಕೊಂದರೆ ಸಾಕು ಅಂತ 1950ರಲ್ಲಿ ಗೊತ್ತಾಯಿತು. ಅಮೆರಿಕದ ವಾಯೋಮಿಂಗ್‌ನ ವಾರನ್ ಸೇನಾ ನೆಲೆಯ ಸೈನಿಕರಿಗೆ ಪೆನಿಸಿಲಿನ್ ಕೊಟ್ಟು ನೋಡಿದ್ದರು. ನೋವು ಶುರುವಾಗಿ ಒಂಬತ್ತು ದಿನದೊಳಗೆ ಔಷಧ ಕೊಟ್ಟರೂ ರುಮ್ಯಾಟಿಕ್ ಜ್ವರ ತಡೆಯಬಹುದು.

ಮತ್ತೆ ಒಂದು ಸಮಾಧಾನ: ಇಷ್ಟು ದಶಕ ಪೆನಿಸಿಲಿನ್ ತಿಂದರೂ ಎ ಗುಂಪು ಅದಕ್ಕೆ ಬಗ್ಗುತ್ತಲೇ ಇದೆ. ಎಲ್ಲರ ಕೈಯಲ್ಲೂ ಓಡಾಡುವ ಅಝಿತ್ರೋಮೈಸಿನ್‌ಗೆ ಮಾತ್ರ ಪ್ರತಿರೋಧ ಇದೆ. ಆದರೂ ಬರೆಯುವುದು ಅದನ್ನೇ, ಏನು ಮಾಡೋದು. ನೆಗಡಿ, ಕೆಮ್ಮು ಜೊತೆಗೆ ಬಂದ ಗಂಟಲುನೋವು ಹೆಚ್ಚಾಗಿ ವೈರಸ್ಸು, ಅದಕ್ಕೆ ಎರಡೂ ಬೇಡ.

ಕರಾವಳಿ ಚರ್ಮ

ಎಲ್ಲರೂ ಗಂಟಲಲ್ಲೇ ಕೂತಿದ್ದೀರಿ, ಚರ್ಮಕ್ಕೂ ಸ್ವಲ್ಪ ಬನ್ನಿ. ಮಕ್ಕಳ ಕಜ್ಜಿ ಕೆರೆದು ಕೀವಾಗಿ, ಜೇನಿನ ಬಣ್ಣದ ಹಕ್ಕಳೆ ಕಟ್ಟಿದ್ದರೆ ಅಲ್ಲಿ ಸ್ಟ್ಯಾಫ್ (ಸ್ಟ್ಯಾಫಿಲೋಕಾಕಸ್, ಬೇರೆಯೇ ಬ್ಯಾಕ್ಟೀರಿಯಾ) ಇರಬಹುದು, ಎ ಗುಂಪಿನ ಸ್ಟ್ರೆಪ್ ಇರಬಹುದು, ಎರಡೂ ಇರಬಹುದು. ಮೂರರಿಂದ ಆರು ವಾರದ ಮೇಲೆ ಅದೇ ಮಗು ಮುಖ ಊದಿಸಿಕೊಂಡು, ಮೂತ್ರ ಟೀ ಡಿಕಾಕ್ಷನ್ ಬಣ್ಣವಾಗಿ ಬಂದರೆ ಕಿಡ್ನಿ ನೋಡಬೇಕು. ಗಂಟಲಿನಿಂದ ಶುರುವಾದ ನೆಫ್ರೈಟಿಸ್ (ಕಿಡ್ನಿಯ ಉರಿಯೂತ) ಒಂದೆರಡು ವಾರಕ್ಕೇ ಬರುತ್ತದೆ.

ಲ್ಯಾಬಿನವರಿಗೆ ಒಂದು ಮಾತು. ಚರ್ಮದಿಂದ ಬಂದ ನೆಫ್ರೈಟಿಸ್‌ನಲ್ಲಿ ಎಎಸ್‌ಓ ನಾರ್ಮಲ್ ಇರಬಹುದು. ಚರ್ಮದ ಕೊಲೆಸ್ಟೆರಾಲ್ ಸ್ಟ್ರೆಪ್ಟೋಲೈಸಿನ್ ಓ ಅನ್ನು ಕಟ್ಟಿಹಾಕುವುದರಿಂದ ಆಂಟಿಬಾಡಿ ಸರಿಯಾಗಿ ಏಳುವುದಿಲ್ಲ. ಆಗ ಕೇಳಬೇಕಾದ್ದು ಆಂಟಿ ಡಿಎನ್‌ಏಸ್ ಬಿ ಎಂಬ ಇನ್ನೊಂದು ಆಂಟಿಬಾಡಿ ಪರೀಕ್ಷೆ.

ನಮ್ಮ ಕರಾವಳಿಯಲ್ಲಿ ಆನೆಕಾಲು ಇರುವವರಿಗೆ ಆಗಾಗ ಚಳಿಜ್ವರ ಬಂದು ಕಾಲು ಕೆಂಪಾಗಿ ಉರಿಯುತ್ತದಲ್ಲ, ಹುಳದ ಜ್ವರ ಅಂತ ಅವರು ಹುಳದ ಮಾತ್ರೆ ಕೇಳುತ್ತಾರೆ. ಬಹಳ ಸಲ ಅದು ಬೆರಳ ಸಂದಿಯ ಬಿರುಕಿನಿಂದ ಒಳಗೆ ಹೋದ ಸ್ಟ್ರೆಪ್. ದಿನಾ ಸೋಪು ಹಾಕಿ ತೊಳೆದು, ಬೆರಳ ಸಂದಿ ಒಣಗಿಸಿ, ಬಿರುಕಿಗೆ ಮುಲಾಮು ಹಚ್ಚಿದರೆ ಆ ಜ್ವರಗಳು ಕಡಿಮೆಯಾಗುತ್ತವೆ. ಮಳೆಗಾಲದಲ್ಲಿ ಗದ್ದೆಗೆ ಇಳಿಯುವವರಿಗೆ ಇದನ್ನು ಹೇಳುವುದು ಸುಲಭ, ಅವರು ಮಾಡುವುದು ಕಷ್ಟ.

ಆದರೆ ಹೊರಗೆ ಸ್ವಲ್ಪವೇ ಕೆಂಪು, ರೋಗಿ ಮಾತ್ರ ನೋವಿಗೆ ಒದ್ದಾಡುತ್ತಿದ್ದರೆ ಕಾಯಬೇಡಿ. ಒಳಗೆ ಮಾಂಸದ ಪೊರೆ ಕೊಳೆಯುತ್ತಿರಬಹುದು. ಕೂಡಲೇ ಸರ್ಜನ್ ಬೇಕು. ಪೆನಿಸಿಲಿನ್ ಜೊತೆ ಕ್ಲಿಂಡಾಮೈಸಿನ್ ಕೊಡುವುದು ವಿಷ ತಯಾರಾಗುವುದನ್ನು ನಿಲ್ಲಿಸಲು.

ಲಂಡನ್ ಕನ್ನಡಿಗ

ಇಲ್ಲಿ 2022ರ ಚಳಿಗಾಲದಲ್ಲಿ ಸ್ಕಾರ್ಲೆಟ್ ಜ್ವರ (ಎ ಗುಂಪಿನಿಂದ ಮೈಯೆಲ್ಲ ಕೆಂಪು ದದ್ದು ಏಳುವ ಜ್ವರ) ಎಷ್ಟು ಬಂತು ಅಂದರೆ ಮೆಡಿಕಲ್ ಶಾಪುಗಳಲ್ಲಿ ಪೆನಿಸಿಲಿನ್ ಸಿರಪ್ಪಿಗೆ ಪರದಾಟ. ಬ್ರಿಟನ್ನಿನಲ್ಲಿ ಈಗ ಓಡಾಡುವ ಎಂ1 ತಳಿ ಹಳೆಯ ಎಂ1ಗಿಂತ ಜೀನೋಮಿನಲ್ಲಿ 27 ಅಕ್ಷರಗಳಷ್ಟೇ ಬೇರೆ. ಆದರೆ ಸ್ಕಾರ್ಲೆಟ್ ಜ್ವರದ ವಿಷವನ್ನು ಜಾಸ್ತಿ ಬಿಡುತ್ತದೆ. ಎ ಗುಂಪು, ಎಂ1 ಅಂತ ಹೇಳಿದರೂ ಪೂರ್ತಿ ಹೇಳಿದಂತಾಗಲಿಲ್ಲ ನೋಡಿ.

ಬಿ ಗುಂಪಿನ ಬಗ್ಗೆ ಯಾರೂ ಮಾತಾಡಿಲ್ಲ. ಹುಟ್ಟಿದ ಮೊದಲ ವಾರದಲ್ಲೇ ಮಗುವಿಗೆ ರಕ್ತದ ಸೋಂಕು, ಮೆದುಳುಪೊರೆಯ ಸೋಂಕು ತರುವುದು ಇದೇ. ಅಮೆರಿಕದಲ್ಲಿ 36, 37ನೇ ವಾರದಲ್ಲಿ ಎಲ್ಲ ಗರ್ಭಿಣಿಯರಿಗೂ ಸ್ವಾಬ್ ಮಾಡುತ್ತಾರೆ. ಬ್ರಿಟನ್ನಿನಲ್ಲಿ ಹಾಗಿಲ್ಲ, ಅಪಾಯ ಇರುವವರಿಗೆ ಮಾತ್ರ ಹೆರಿಗೆ ಸಮಯದಲ್ಲಿ ಪೆನಿಸಿಲಿನ್. ಸ್ವಾಬ್ ಯೋನಿಯಿಂದ ಮಾತ್ರ ತೆಗೆದರೆ ಸಾಲದು, ಗುದದಿಂದಲೂ ತೆಗೆಯಬೇಕು. ಇದರ ಮೂಲ ಮನೆ ಕರುಳು.

ಮಲೆನಾಡ ಪಶುವೈದ್ಯ

ಬಿ ಗುಂಪು ನಮ್ಮ ಹಳೇ ಗಿರಾಕಿ. ಲ್ಯಾನ್ಸ್‌ಫೀಲ್ಡ್‌ಗೆ ದನದಿಂದ ಸಿಕ್ಕಿದ್ದು ಅದೇ. ಕೆಚ್ಚಲುಬಾವು ತರುವವರಲ್ಲಿ ಇವನೂ ಒಬ್ಬ. ಕೆಚ್ಚಲಿನ ಒಳಗೇ ವಾಸ, ಹಾಲು ಕರೆಯುವವರ ಕೈಯಿಂದ, ಮಿಷಿನ್ನಿನ ಬಟ್ಟಲಿನಿಂದ ಒಂದು ಹಸುವಿನಿಂದ ಇನ್ನೊಂದಕ್ಕೆ ದಾಟುತ್ತದೆ. ಅದಕ್ಕೇ ಬಾವು ಬಂದ ಹಸುವನ್ನು ಕೊನೆಗೆ ಕರೆಯಿರಿ ಅನ್ನುವುದು. ಕರೆದ ಮೇಲೆ ಮೊಲೆತೊಟ್ಟನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿದರೆ ಇನ್ನೂ ಒಳ್ಳೆಯದು. ಯೂಬೆರಿಸ್ ಅಂತ ಇನ್ನೊಂದು ಸ್ಟ್ರೆಪ್ ಇದೆ, ಅದು ಹಾಸಿಗೆ ಹುಲ್ಲು, ಸಗಣಿಯಲ್ಲಿ ಇರುತ್ತದೆ, ಅಲ್ಲಿ ಕೊಟ್ಟಿಗೆ ಒಣಗಿರಬೇಕು.

ಹಸುವಿನದ್ದೇ ಮಗುವಿಗೆ ಬರುತ್ತದಾ ಅಂತ ರೈತರು ಕೇಳುತ್ತಾರೆ. ಬಹುಪಾಲು ತಳಿಗಳು ಬೇರೆ. ಹಾಲು ಕಾಯಿಸಿ ಕುಡಿಯಿರಿ, ಅಷ್ಟು ಸಾಕು.

ಪ್ಲೇಟ್ ಮೇಷ್ಟ್ರು

ಸಂಪಿಗೆ, ಬೆಂಚಿಗೆ ಬೇಕಾದ್ದು: ಎ ಬ್ಯಾಸಿಟ್ರಾಸಿನ್ ಔಷಧಕ್ಕೆ ಸೆನ್ಸಿಟಿವ್, ಪಿವೈಆರ್ (ಕಿಣ್ವ ಪರೀಕ್ಷೆ) ಪಾಸಿಟಿವ್. ಬಿ ಕ್ಯಾಂಪ್ ಪಾಸಿಟಿವ್: ಸ್ಟ್ಯಾಫ್ ಗೆರೆಯ ಹತ್ತಿರ ಬಾಣದ ಮೊನೆ. ಗಂಟಲಿನ ಸ್ವಾಬಿನಲ್ಲಿ ಎ ಬಿಟ್ಟು ಮಿಕ್ಕದ್ದನ್ನು ರಿಪೋರ್ಟ್ ಮಾಡುವ ಅಗತ್ಯ ಇಲ್ಲ. ರುಮ್ಯಾಟಿಕ್ ಜ್ವರಕ್ಕೂ ನೆಫ್ರೈಟಿಸ್ಸಿಗೂ ಎ ಗುಂಪೇ ಕಾರಣ.

ರಾತ್ರಿ ಡ್ಯೂಟಿ

ಮೇಷ್ಟ್ರೇ, ಅಲ್ಲಿ ನನ್ನದೊಂದು ತಕರಾರು. ಸಿ ಮತ್ತು ಜಿ ಗುಂಪಿನ ಡಿಸ್‌ಗಲ್ಯಾಕ್ಟಿಯೇ ಥೇಟ್ ಎ ಥರವೇ ಗಂಟಲುನೋವು, ಸೆಲ್ಯುಲೈಟಿಸ್, ಮೈಯೆಲ್ಲ ನಂಜು ತರುತ್ತದೆ. ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಜಾಸ್ತಿ. ಅದಕ್ಕೂ ಎಂ ಪ್ರೋಟೀನ್ ಇದೆ. ಸ್ಟ್ರೆಪ್ಟೋಲೈಸಿನ್ ಓ ಕೂಡ ಬಿಡುವುದರಿಂದ ಎಎಸ್‌ಓ ಏರುತ್ತದೆ.

ನೆಫ್ರೈಟಿಸ್ ಎ ಗುಂಪಿಗೆ ಮಾತ್ರ ಅನ್ನುವುದಕ್ಕೆ ಬ್ರೆಜಿಲ್ಲಿನ ನೋವಾ ಸೆರಾನಾ ಊರನ್ನು ನೋಡಿ. 1997–98ರಲ್ಲಿ ಕಾಯಿಸದ ಹಾಲಿನ ಚೀಸ್ ತಿಂದು 250ಕ್ಕೂ ಹೆಚ್ಚು ಮಂದಿಗೆ ಕಿಡ್ನಿ ತೊಂದರೆ ಬಂತು. ಸಿಕ್ಕಿದ್ದು ಝೂಎಪಿಡೆಮಿಕಸ್. ಕುದುರೆ, ದನಗಳಲ್ಲಿ ಇರುವ ಸಿ ಗುಂಪಿನದು.

ಪ್ಲೇಟ್ ಮೇಷ್ಟ್ರು

ನೋವಾ ಸೆರಾನಾ ಒಪ್ಪಿದೆ. ಆದರೆ ಅದು ಅಪವಾದ. ಎಳೆಯರಿಗೆ ಮೊದಲ ದಿನವೇ ಅಪವಾದ ಹೇಳಿದರೆ ನಿಯಮವೂ ಉಳಿಯುವುದಿಲ್ಲ. ಗಂಟಲಿನ ಸಿ, ಜಿ ಬಗ್ಗೆ ಡಾಕ್ಟರ್ ಕೇಳಿದ್ದರೆ ಬರೆಯಲಿ, ಕೇಳದೆ ಬರೆದರೆ ಸುಮ್ನೆ ಎಲ್ಲರಿಗೂ ಆಂಟಿಬಯೋಟಿಕ್ ಹೋಗುತ್ತದೆ. ನಾನು ಇಷ್ಟಕ್ಕೇ ನಿಲ್ಲುತ್ತೇನೆ.

ಹುಬ್ಬಳ್ಳಿ ಲ್ಯಾಬ್

ಇನ್ನೊಂದು ಮೋಸ ಇದೆ ರೀ. ಗುಂಪಿನ ಅಕ್ಷರ ಹೇಳುವ ಲೇಟೆಕ್ಸ್ ಕಿಟ್ಟಿನಲ್ಲಿ ಎ ಬಂದ ಮಾತ್ರಕ್ಕೆ ಪಯೋಜೀನ್ಸ್ ಅಲ್ಲ. ಆಂಜಿನೋಸಸ್ ಗುಂಪಿನ ಕೆಲವಕ್ಕೂ ಎ, ಸಿ, ಎಫ್, ಜಿ ಬರುತ್ತದೆ. ಕಾಲೊನಿ ಸೂಜಿಮೊನೆಯಷ್ಟು ಸಣ್ಣದು, ಮುಚ್ಚಳ ತೆಗೆದರೆ ಸುಟ್ಟ ಸಕ್ಕರೆಯ ವಾಸನೆ ತಾನಾಗಿ ಬರುತ್ತದೆ. ಮೂಗು ಹತ್ತಿರ ಒಯ್ಯಬೇಡಿ. ಪಿವೈಆರ್ ನೆಗೆಟಿವ್. ಯಕೃತ್ತಿನ, ಮೆದುಳಿನ ಕೀವುಗಡ್ಡೆಯಿಂದ ಇದು ಬಂದರೆ ಕಂಟಾಮಿನೇಷನ್ ಅಂತ ಎಸೆಯಬೇಡಿ.

ಹಲ್ಲಿನ ಡಾಕ್ಟ್ರು

ವಿರಿಡಾನ್ಸ್ ಅಂದರೆ ಬಾಯಿಯ ಸಾಧುಗಳು ಅಂತ ಬಿಡಬೇಡಿ. ಮ್ಯೂಟನ್ಸ್ ಸಕ್ಕರೆಯಿಂದ ಅಂಟು ಮಾಡಿ ಹಲ್ಲಿಗೆ ಅಂಟಿಕೊಂಡು ಆಮ್ಲ ಬಿಡುತ್ತದೆ, ಹುಳುಕು ಶುರು. ರುಮ್ಯಾಟಿಕ್‌ನಿಂದ ಕೆಟ್ಟ ಕವಾಟ ಇರುವವರಿಗೆ ವಸಡಿನಿಂದ ರಕ್ತಕ್ಕೆ ಇಳಿದು ಅಲ್ಲೇ ಗೂಡು ಕಟ್ಟಬಹುದು. ಮೊದಲು ಎ ಗುಂಪು ಕವಾಟ ಕೆಡಿಸುತ್ತದೆ, ಆಮೇಲೆ ವಿರಿಡಾನ್ಸ್ ಬಂದು ಕೂರುತ್ತದೆ. ಕೃತಕ ಕವಾಟ ಇದ್ದರೆ ಹಲ್ಲು ಕೀಳಿಸುವ ಮೊದಲು ದಯವಿಟ್ಟು ನಮಗೆ ಹೇಳಿ.

ಸಂಪಿಗೆ_ಎಂಎಲ್‌ಟಿ

ಒಂದು ಕೊನೆಯ ಪ್ರಶ್ನೆ. ನಾನು ಪೋಸ್ಟಿಂಗಿಗೆ ಹೋಗುವ ಲ್ಯಾಬಿನಲ್ಲಿ ಅರವತ್ತು ದಾಟಿದವರೊಬ್ಬರ ಬ್ಲಡ್ ಕಲ್ಚರ್ ಬಂದಿದೆ. ಗ್ಯಾಮಾ, ಬೈಲ್ ಎಸ್ಕುಲಿನ್ ಕಪ್ಪಾಗಿದೆ, ಲೇಟೆಕ್ಸಿನಲ್ಲಿ ಡಿ. 'ಗ್ರೂಪ್ ಡಿ ಸ್ಟ್ರೆಪ್ಟೋಕಾಕಸ್' ಅಂತ ಬರೆದು ಕಳಿಸಿದರೆ ಸಾಕು ಅಂತಾರೆ. ಸಾಕಾ?

ಪ್ಲೇಟ್ ಮೇಷ್ಟ್ರು

ಸಾಲದು. ಡಿ ಅಕ್ಷರದ ಕೆಳಗೆ ಎರಡು ಪೂರಾ ಬೇರೆ ಜೀವಿಗಳಿವೆ. ಒಂದು ಎಂಟೆರೋಕಾಕಸ್, 1984ರಲ್ಲಿ ಅದನ್ನು ಈ ಕುಲದಿಂದ ಬೇರೆ ಮಾಡಿದರು. ಅದಕ್ಕೆ ಬರೀ ಪೆನಿಸಿಲಿನ್ ಸಾಲುವುದಿಲ್ಲ, ಕವಾಟಕ್ಕೆ ತಾಗಿದ್ದರೆ ಎರಡು ಔಷಧ ಬೇಕು. ಇನ್ನೊಂದು ಹಿಂದೆ ಬೋವಿಸ್ ಅನ್ನುತ್ತಿದ್ದ ಗ್ಯಾಲೋಲಿಟಿಕಸ್. ಅದು ಪೆನಿಸಿಲಿನ್ನಿಗೆ ಬಗ್ಗುತ್ತದೆ, ಆದರೆ ರಕ್ತದಲ್ಲಿ ಸಿಕ್ಕರೆ ದೊಡ್ಡ ಕರುಳಿನಲ್ಲಿ ಗಡ್ಡೆ ಇದೆಯೇ ಅಂತ ಕೊಲೊನೋಸ್ಕೋಪಿ ಮಾಡಲೇಬೇಕು. ನೀವು ಬರೀ ಡಿ ಅಂತ ಬರೆದರೆ ಡಾಕ್ಟರಿಗೆ ಆ ಯೋಚನೆಯೇ ಬರದೆ ಹೋಗಬಹುದು. ಎರಡನ್ನೂ ಬೇರ್ಪಡಿಸಲು ಪಿವೈಆರ್ ಹಾಕಿ.

ಸಂಪಿಗೆ_ಎಂಎಲ್‌ಟಿ

ಪಿವೈಆರ್ ಡಿಸ್ಕ್ ಮುಗಿದಿದೆ ಮೇಷ್ಟ್ರೇ. ಉಪ್ಪಿನ ಬ್ರಾತ್ ಇದೆ.

ಪ್ಲೇಟ್ ಮೇಷ್ಟ್ರು

6.5 ಶೇಕಡಾದ್ದು ತಾನೇ? ಅದರಲ್ಲೇ ಹಾಕಿ, ಗೊತ್ತಿರುವ ಎಂಟೆರೋಕಾಕಸ್ ಒಂದನ್ನೂ ಪಕ್ಕದಲ್ಲಿ ಹಾಕಿ. ನಾಳೆ ಬೆಳಿಗ್ಗೆ ಕದಡಿದ್ದರೆ ಎಂಟೆರೋಕಾಕಸ್. ಕಂಟ್ರೋಲ್ ಕದಡಿ, ನಿಮ್ಮದು ಎರಡನೇ ದಿನವೂ ತಿಳಿಯಾಗಿಯೇ ಇದ್ದರೆ ಗ್ಯಾಲೋಲಿಟಿಕಸ್ ಇರಬಹುದು, ರಿಪೋರ್ಟಿಗೆ ಕಾಯದೆ ವಾರ್ಡಿಗೆ ಫೋನ್ ಮಾಡಿಸಿ. ಇವತ್ತಿನ ಮಟ್ಟಿಗೆ 'ಗ್ರೂಪ್ ಡಿ, ಪ್ರಭೇದ ಗುರುತಿಸುವ ಪರೀಕ್ಷೆ ನಡೆಯುತ್ತಿದೆ' ಅಂತ ಬರೆದು ಕಳಿಸಿ.